ನೆರಳಲ್ಲಿ ಒಣಗಿದ ಟೈರುಗಳು

ಜುಲೈ 1, ಮಂಗಳವಾರ

ಇವರು ಹೋಗಿ ಇಪ್ಪತ್ತೆರಡು ದಿನ. ಬಕ್ರೀದ್ ಮುಗಿದ ಎರಡನೆಯ ದಿನ, ಚನ್ನಪಟ್ಟಣದ ಸುಡುಬಿಸಿಲಲ್ಲಿ, ಆ ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡೇ ಕುಸಿದರು. ಇನ್ನು ನನಗೆ ಇದ್ದತ್. ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವಂತಿಲ್ಲ. ಅಕ್ಟೋಬರ್ ಹದಿನಾರಕ್ಕೆ ಮುಗಿಯುತ್ತೆ ಅಂತ ಮಗಳು ಮಹ್ವಿಶ್ ಚಂದ್ರನ ತಿಂಗಳಲ್ಲಿ ಲೆಕ್ಕ ಹಾಕಿ ಕ್ಯಾಲೆಂಡರಿಗೆ ಗೆರೆ ಎಳೆದಿದ್ದಾಳೆ.

ಈ ನೋಟ್‌ಬುಕ್ಕೂ ಅವಳೇ ತಂದುಕೊಟ್ಟದ್ದು. "ಅಮ್ಮಿ, ಯಾರ ಜೊತೆನೂ ಜಗಳ ಆಡೋಕೆ ಆಗ್ತಿಲ್ಲ ನಿಂಗೆ. ಇದರ ಜೊತೆ ಆಡು" ಅಂದಳು. ಮನೆಯಲ್ಲಿ ಮಾತಾಡುವುದು ಉರ್ದುವಾದರೂ ನಾನು ಬರೆಯಲು ಕಲಿತದ್ದು ಕನ್ನಡ, ಸರ್ಕಾರಿ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ. ಆದ್ದರಿಂದ ಜಗಳವೂ ಕನ್ನಡದಲ್ಲೇ.

ಇವತ್ತು ಮೈದುನ ಸಾಬೀರ್ ಬಂದಿದ್ದ. ಮನೆಯೊಳಗಿನಿಂದಲೇ ಬಾಗಿಲಿರುವ ಶೆಡ್ಡಿನಲ್ಲಿ ಅರ್ಧ ಗೊಂಬೆ ಕಡೆಯುವ ನನ್ನ ಲೇತ್ ಇದೆ, ಇನ್ನರ್ಧದಲ್ಲಿ ನನ್ನ ಸವತಿ. ಸವತಿ ಅಂದರೆ ಆ ಹಸಿರು ಗಾಡಿ. ಅರವತ್ತು ವರ್ಷ ಹಳೆಯ ಇಂಗ್ಲೆಂಡಿನ ರೇಸ್ ಕಾರಿನ ಥರದ್ದು, ಎರಡೇ ಸೀಟು, ಮೇಲೆ ಛಾವಣಿಯೂ ಇಲ್ಲ. ಹನ್ನೊಂದು ವರ್ಷ ಇವರು ಅದರ ಕೆಳಗೇ ಮಲಗಿದ್ದು ಹೆಚ್ಚು. "ಅಖ್ತರಿ, ಮುಗಿದ ದಿನ ಮೊದಲ ರೌಂಡು ನಿಂಗೇ, ಮಾಗಡಿ ರೋಡಲ್ಲಿ ಕೆಂಪಾಪುರದವರೆಗೆ" ಅನ್ನುತ್ತಿದ್ದರು. ಹನ್ನೊಂದು ವರ್ಷ ಅದೇ ಮಾತು. ಮೇ ತಿಂಗಳಲ್ಲಿ ಇಂಜಿನ್ನು, ಬ್ರೇಕು ಎಲ್ಲ ಮುಗಿದಿತ್ತು. ಟೈರು ಒಂದು ಬಾಕಿ.

ಸಾಬೀರ್ ಹೇಳಿದ್ದು ಇಷ್ಟು: ಹೈವೇಯಲ್ಲಿ ಹೊಸ ಹೋಟೆಲು ಮಾಡುತ್ತಿರುವವರೊಬ್ಬರು ಗಾಡಿ ಕೇಳಿದ್ದಾರೆ. ನನ್ನ ಇದ್ದತ್ ಮುಗಿದ ದಿನ ಬಂದು ಒಯ್ಯುತ್ತಾರೆ. "ಯಾವ್ದಾದ್ರೂ ನಾಕು ಟೈರ್ ಹಾಕ್ಸಿಬುಡಿ ಭಾಬಿ, ಉರುಳ್ಕಂಡು ಲಾರಿ ಹತ್ತಿದ್ರೆ ಸಾಕು."

ತಗೊಂಡು ಹೋಗಲಿ, ಪೀಡೆ ತೊಲಗಲಿ ಅಂದೆ. ಊಟ ಸೇರಲಿಲ್ಲ. ಲೇತಿನ ಮೇಲೆ ಧೂಳು ಕೂತಿದೆ, ಕೂತಿರಲಿ.

ಜುಲೈ 4, ಶುಕ್ರವಾರ

ಯಾವುದಾದರೂ ನಾಲ್ಕು ಅಂತೆ! ಮೂವತ್ತು ವರ್ಷ ಗೊಂಬೆ ಗಾಡಿಗೆ ಚಕ್ರ ಕಡೆದವಳು ನಾನು. ಚಕ್ರ ಅಂದರೆ ಯಾವುದೋ ಒಂದು ಅಂತ ಯಾರಾದರೂ ಅಂದರೆ ಮೈ ಉರಿಯುತ್ತೆ.

ನಮಾಜ್ ಆದ ಮೇಲೆ ಶೆಡ್ಡಿಗೆ ಹೋಗಿ ಮಂಡಿಯೂರಿ ಕೂತು ನೋಡಿದೆ. ಸವತಿಯ ಚಕ್ರಕ್ಕೆ ಸೈಕಲ್ಲಿನ ಹಾಗೆ ಕಡ್ಡಿಗಳು. ಟೈರುಗಳು ಗಾಳಿ ಇಳಿದು ಚಪ್ಪಟೆಯಾಗಿ, ಬಿರುಕು ಬಿಟ್ಟು, ಬರಿಗಾಲಲ್ಲಿ ನಡೆದವರ ಹಿಮ್ಮಡಿಯಂತಿವೆ. ಪಕ್ಕದಲ್ಲಿ ಉಬ್ಬಿದ ಅಕ್ಷರ: 165 HR 15. ಬೆರಳಲ್ಲಿ ಸವರಿ ಸವರಿ ಓದಿದೆ. ಹದಿನೈದು ಇಂಚು ಅಂತ ಒಂದು ಅರ್ಥವಾಯಿತು. ಉಳಿದದ್ದು ಏನೋ ಗೊತ್ತಿಲ್ಲ. H ಯಾಕೆ?

ಜುಲೈ 9, ಬುಧವಾರ

ರಾಮನಗರದಲ್ಲಿ ಟೈರ್ ಅಂಗಡಿ ಇಟ್ಟಿರುವ ನಾಗರಾಜುಗೆ ಫೋನ್ ಮಾಡಿದೆ. ಇವರ ಸ್ನೇಹಿತ, ಕೋಡಿಹಳ್ಳಿ ಕಡೆಯವನು, ಜಮೀನು ಅಣ್ಣಂದಿರಿಗೆ ಬಿಟ್ಟು ಟೈರಿಗೆ ಇಳಿದವನು. ಮೊದಲು ಹತ್ತು ನಿಮಿಷ ಇವರನ್ನು ನೆನೆದು ಮೂಗು ಸುರಿಸಿದ. ಆಮೇಲೆ ಟೈರು.

"ನೂರ ಅರವತ್ತೈದು ಅಂದ್ರೆ ಅಗಲ ಕಣಕ್ಕಾ, ಮಿಲಿಮೀಟ್ರಲ್ಲಿ. ಕೊನೇದು ರಿಮ್ಮು. ಮಧ್ಯ ಇನ್ನೊಂದು ನಂಬ್ರ ಇರ್‍ಬೇಕು, ಪಕ್ಕದ ಗೋಡೆ ಎತ್ರುದ್ದು. ಹಳೇ ಗಾಡೀವು ಬರ್‍ಯಾಕಿಲ್ಲ. ಬರ್‍ದಿಲ್ಲ ಅಂದ್ರೆ ಎಂಬತ್ತು ಅಂದ್ಕೊ, ಅಗಲದಲ್ಲಿ ನೂರಕ್ಕೆ ಎಂಬತ್ತು ಪಾಲು."

"ಮತ್ತೆ H?"

"ಗಂಟೆಗೆ ಇನ್ನೂರತ್ತು ಕಿಲೋಮೀಟ್ರು ತಡೀತದೆ ಅಂತ."

"ಈ ಗಾಡಿ ಯಾವ ಜನ್ಮದಲ್ಲಿ ಇನ್ನೂರ ಹತ್ತು ಓಡುತ್ತೆ ನಾಗರಾಜು?"

"ಓಡಾಕಲ್ಲ ಅಕ್ಕ, ಬಿಸಿ ತಡ್ಯಾಕೆ. ತಿರುವ್ನಲ್ಲಿ ಒದ್ದಾಡಬಾರ್ದಲ್ಲ."

ಅವನ ಹತ್ತಿರ 165/80 ರಲ್ಲಿ ಹದಿನಾಲ್ಕು ಇಂಚಿನದು ರಾಶಿ ಬಿದ್ದಿದೆಯಂತೆ. ಆ ಅಗಲದಲ್ಲಿ ಹದಿನೈದು ನಮ್ಮ ಸೀಮೆಯಲ್ಲೇ ಇಲ್ಲವಂತೆ. ಒಂದಿಂಚು ತಾನೇ ಅಂತ ನಾನು ಅನ್ನಲಿಲ್ಲ, ಒಂದಿಂಚು ಎಂದರೇನು ಅಂತ ನನಗೆ ಗೊತ್ತು. 195/65 R15 ಹಾಕು, ಅಗಲವಾಗಿ ಗತ್ತಾಗಿ ಕಾಣುತ್ತೆ ಅಂದ. ಲಾರಿ ಹತ್ತೋಕೆ ಅದು ಧಾರಾಳವಂತೆ. ಅಳೆದು ಹೇಳುತ್ತೇನೆ ಅಂದೆ.

ಜುಲೈ 13, ಭಾನುವಾರ

ಮಹ್ವಿಶ್‌ಗೆ ರಜೆ. ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಅವಳ ಕೆಲಸ ಏನೆಂದರೆ, ಲೈನಿನಿಂದ ಇಳಿದ ಹೊಸ ಕಾರನ್ನು ಇನ್ನೂರು ಮೀಟರ್ ಓಡಿಸಿ ತಪಾಸಣೆಗೆ ನಿಲ್ಲಿಸುವುದು. ದಿನಕ್ಕೆ ನಲವತ್ತು ಕಾರು. ಒಂದನ್ನೂ ಇನ್ನೂರೊಂದನೆಯ ಮೀಟರಿಗೆ ಒಯ್ದಿಲ್ಲ ಪಾಪ.

ಇಬ್ಬರೂ ಸೇರಿ ಚಕ್ರ ಬಿಚ್ಚಿದೆವು. ನನ್ನ ಕ್ಯಾಲಿಪರ್ ಹಿಡಿದು ರಿಮ್ಮಿನ ಒಳ ಅಗಲ ನೋಡಿದರೆ ಬರೀ ನಾಲ್ಕು ಇಂಚು. ಅದಕ್ಕೆ ಏಳೂವರೆ ಇಂಚಿನ ಟೈರು ತುರುಕಿದರೆ ಸಣ್ಣ ಕುಪ್ಪಸಕ್ಕೆ ದೊಡ್ಡ ಮೈ ತುರುಕಿದ ಹಾಗೆ.

"ಅಮ್ಮಿ, ಹೇಗಾದ್ರೂ ಇರ್ಲಿ ಬಿಡು. ಹೋಟೆಲಿನವರು ಅದನ್ನ ಗೇಟ್ ಪಕ್ಕ ಕಟ್ಟೆ ಮೇಲೆ ನಿಲ್ಲಿಸಿ, ಚಕ್ರಕ್ಕೆ ಸಿಮೆಂಟ್ ಹಾಕಿಬಿಡ್ತಾರಂತೆ. ಸಾಬೀರ್ ಚಾಚಾ ಹೇಳಿದ್ರು."

ಸಿಮೆಂಟಾ?

ಚಕ್ರಕ್ಕೆ ಸಿಮೆಂಟ್ ಹಾಕುತ್ತಾರೆ ಅಂದರೆ ಯಾವ ಮನುಷ್ಯರು ಅವರು? ಸವತಿ ಹೌದು, ಸಾಯಲಿ ಅಂತ ಸಾವಿರ ಸಲ ಅಂದಿದ್ದೇನೆ. ಹಾಗಂತ ಕಾಲಿಗೆ ಸಿಮೆಂಟ್ ಹಾಕುವುದಾ?

ಸಂಜೆ ಸಾಬೀರ್‌ಗೆ ಫೋನ್ ಮಾಡಿ ಜಗಳ ತೆಗೆದೆ. "ಮಾತು ಕೊಟ್ಬುಟ್ಟಿದ್ದೀನಿ ಭಾಬಿ, ಶೆಡ್ಡೂ ನಂಗೆ ಬೇಕು" ಅಂದ. ಎಳೆದಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದ. ಅಕ್ಟೋಬರ್ ಹದಿನಾರಕ್ಕೆ ಗಾಡಿ ತನ್ನ ಕಾಲ ಮೇಲೆ ತಾನು ಓಡಿ ಹೊರಗೆ ಹೋದರೆ ಗಾಡಿ ನನ್ನದು, ಅವನು ಬಾಯಿ ತೆರೆಯುವುದಿಲ್ಲ. ಆಗದಿದ್ದರೆ ಕ್ರೇನು. ಆಯಿತು ಅಂದುಬಿಟ್ಟೆ. ಅದನ್ನಿಟ್ಟುಕೊಂಡು ನಾನೇನು ಮಾಡುತ್ತೇನೋ ಅಲ್ಲಾನಿಗೇ ಗೊತ್ತು.

ಜುಲೈ 15, ಮಂಗಳವಾರ

ಅಗಲದ ಟೈರು ಆಗುವುದೇ ಇಲ್ಲವಾ, ಆಗುತ್ತಾ? ರಾತ್ರಿಯೆಲ್ಲ ಅದೇ ಕೊರೆಯುತ್ತಿತ್ತು. ಲೆಕ್ಕ ನನಗೆ ಬಾಯಲ್ಲಿ ಬರುವುದಿಲ್ಲ, ಕೈಯಲ್ಲಿ ಬರುತ್ತೆ. ಬೆಳಿಗ್ಗೆ ಲೇತಿನ ಧೂಳು ಒರೆಸಿದೆ. ಗೊಂಬೆಗೆ ಬಳಸುವ ಆಲೆ ಮರದ ಒಣಗಿದ ಎರಡು ತುಂಡು ತೆಗೆದು ಚಕ್ರ ಕಡೆದೆ. ಎಲ್ಲ ಅಳತೆಯೂ ಐದರಲ್ಲಿ ಒಂದು ಪಾಲು. ಒಂದು 165ರದ್ದು, ಒಂದು 195ರದ್ದು. ಪ್ಲೈವುಡ್ಡಿನಲ್ಲಿ ಗಾಡಿಯ ಮಡ್‌ಗಾರ್ಡೂ ಒಳಗೋಡೆಯೂ ಅದೇ ಪಾಲಿನಲ್ಲಿ ಕತ್ತರಿಸಿ ಮೊಳೆ ಹೊಡೆದೆ.

ನೇರ ನಿಲ್ಲಿಸಿದರೆ ಎರಡೂ ಕೂರುತ್ತವೆ. ಸ್ಟೇರಿಂಗ್ ತಿರುಗಿಸಿದ ಹಾಗೆ ಓರೆ ಮಾಡಿದರೆ 195 ಒಳಗೋಡೆಗೆ ಕರಕರ ಉಜ್ಜುತ್ತೆ. 165 ಹಾಯಾಗಿ ತಿರುಗುತ್ತೆ. ಮತ್ತೊಂದು ಗಮನಿಸಿದೆ: ಅಗಲದ್ದು ಅಗಲವಾಗಿದ್ದರೂ ಕುಳ್ಳು. ಗಾಡಿ ನೆಲಕ್ಕೆ ಇಳಿಯುತ್ತೆ, ನಮ್ಮ ಬೀದಿಯ ರೋಡ್ ಹಂಪ್‌ಗೆ ಹೊಟ್ಟೆ ಕೆರೆದುಕೊಳ್ಳುತ್ತೆ.

ನಾಗರಾಜುಗೆ ಹೇಳಿದೆ. "ಅಕ್ಕಾ, ಮೂವತ್ತೊರ್ಸುದ್ ಅಂಗ್ಡೀಲಿ ಯಾರೂ ಮರದಲ್ಲಿ ಕಡ್ದು ನೋಡಿ ಬೇಡ ಅಂದಿಲ್ಲ!" ಅಂತ ಬಿದ್ದು ಬಿದ್ದು ನಕ್ಕ. ನಗಲಿ.

ಬಣ್ಣದ ಅರಗು ಹಚ್ಚಲಿಲ್ಲ. ಇದ್ದತ್ತಿನಲ್ಲಿ ಬಣ್ಣ ಯಾಕೆ. ತಿರುಗುವ ಮರಕ್ಕೆ ತಾಳೆ ಗರಿ ಒತ್ತಿ ಬರೀ ಮೆರುಗು ಕೊಟ್ಟೆ. ಮಧ್ಯಾಹ್ನ ಎರಡು ಮುದ್ದೆ ತಿಂದೆ.

ಜುಲೈ 28, ಸೋಮವಾರ

ಮಾತನಾಡಿಸಲು ಬೀದಿಯ ಹೆಂಗಸರು ಬಂದಿದ್ದರು. ಲೇತಿನ ಸದ್ದು ಕೇಳಿತಂತೆ. "ಇದ್ದತ್ತಿನಲ್ಲಿ ತಸ್ಬೀ ಮಣಿ ಹಿಡಿಯೋ ಕೈಯಲ್ಲಿ ಉಳಿ ಯಾಕೆ ಅಖ್ತರಿ?" ಅಂದಳು ಒಬ್ಬಳು. ಎರಡು ಕೈ ಇದೆಯಲ್ಲ ಅಂದೆ.

ನಾಗರಾಜು ಬೆಂಗಳೂರಿನ ಅಂಗಡಿಗಳಲ್ಲೆಲ್ಲ ಕೇಳಿದ್ದಾನೆ. 165ರಲ್ಲಿ ಹದಿನೈದು ಎಲ್ಲೂ ಇಲ್ಲ.

ಆಗಸ್ಟ್ 10, ಭಾನುವಾರ

ಸಿಕ್ಕಿತು! ಸಿಕ್ಕಿತು! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಆಯಿತು.

ಆಲೆ ಮರದ ತುಂಡು ಬೇಕು ಅಂತ ಮಹ್ವಿಶ್‌ಳನ್ನು ಅಟ್ಟಕ್ಕೆ ಹತ್ತಿಸಿದ್ದೆ. ಮರ ಒಣಗಲು ಇಡುವ ಜಾಗ ಅದು, ಬಿಸಿಲು ಬೀಳದ ಮೂಲೆ. "ಅಮ್ಮಿ, ಇಲ್ಲೇನೋ ದೊಡ್ಡ ವಡೆ ಥರ ಇದೆ" ಅಂದಳು. ಇಳಿಸಿ ನೋಡಿದರೆ ಹಳೆಯ ಪೇಪರಿನಲ್ಲಿ ಸುತ್ತಿ ಹುರಿ ಕಟ್ಟಿದ ಐದು ಟೈರು. ನಾಲ್ಕು, ಮೇಲೊಂದು ಸ್ಟೆಪ್ನಿ. 165 HR 15! ಒಂದು ದಿನವೂ ರಸ್ತೆ ಕಂಡಿಲ್ಲ, ರಸ್ತೆಗೆ ತಾಗುವ ಬಟನ್ ಮೇಲಿನ ರಬ್ಬರ್ ಕೂದಲು ಕೂಡ ಉದುರಿಲ್ಲ. ಪೇಪರಿನ ತಾರೀಕು 2014. ಗಾಡಿಯ ಜೊತೆಗೇ ಬಂದಿರಬೇಕು.

ಒಂದರ ಪೇಪರಿನ ಮೇಲೆ ಇವರ ಅಕ್ಷರ, ಕಾರ್ಪೆಂಟರ್ ಪೆನ್ಸಿಲಿನಲ್ಲಿ: "ಅಖ್ತರಿ ಜೊತೆ ಮೊದಲ ರೌಂಡಿಗೆ. ಅಲ್ಲಿವರೆಗೆ ಯಾರೂ ಮುಟ್ಟಬಾರದು."

ಓದಿ ಅಲ್ಲೇ ಮರದ ಪುಡಿಯ ಮೇಲೆ ಕೂತು ಅತ್ತೆ. ಸುಮ್ಮನೆ ಹೇಳುತ್ತಾರೆ ಅಂದುಕೊಂಡಿದ್ದೆ ಆ ರೌಂಡಿನ ಮಾತನ್ನು. ಹನ್ನೊಂದು ವರ್ಷ ಅಣಕಿಸಿದ್ದೇನೆ. ಕ್ಷಮಿಸಿ ಅನ್ನಬೇಕು, ಕೇಳಿಸಿಕೊಳ್ಳುವವರು ಎಲ್ಲಿದ್ದಾರೆ?

ಈಗ ನೆನಪಾಗುತ್ತಿದೆ. ಏನೋ ತಂದಿದ್ದೇನೆ, ಎಲ್ಲಿಡಲಿ ಅಂತ ಒಂದು ದಿನ ಕೇಳಿದ್ದರು. ನಾನು ಲೇತಿನಿಂದ ತಲೆ ಎತ್ತದೆ "ಅಟ್ಟದ ನೆರಳಲ್ಲಿಡಿ, ಒಣಗಲಿ. ಒಣಗಿದಷ್ಟೂ ಹದ" ಅಂದಿದ್ದೆ. ನನ್ನ ಮಾತು ಕೇಳಿದ್ದರು ಮನುಷ್ಯ.

ಆಗಸ್ಟ್ 12, ಮಂಗಳವಾರ

ನಾಗರಾಜುಗೆ ಜಂಬದಿಂದ ಫೋನ್ ಮಾಡಿ, ಬಂದು ಫಿಟ್ ಮಾಡಿಕೊಡು ಅಂದೆ. ಅವನು ಖುಷಿಪಡುವುದು ಬಿಟ್ಟು, "ಪಕ್ಕದಲ್ಲಿ DOT ಅಂತ ಬರ್‍ದಿರ್‍ತದೆ ನೋಡಕ್ಕ, ಅದರ ಕೊನೇಲಿ ಎಷ್ಟು ನಂಬ್ರ ಐತೆ?" ಅಂದ.

"318."

"ಮೂರೇನಾ? ನಾಕಿಲ್ವಾ?"

"ಮೂರು."

"ಅಕ್ಕಾ, ನಾಕು ನಂಬ್ರ ಬರೋಕೆ ಶುರುವಾಗಿದ್ದೇ ಎರಡ್ಸಾವ್ರದಿಂದ. ಇದು ತೊಂಬತ್ತೆಂಟನೇ ಇಸವಿ, ಮೂವತ್ತೊಂದನೇ ವಾರ. ನಿಮ್ ಮಗಳಿಗಿಂತ ಎರಡೊರ್ಸ ದೊಡ್ದು. ಇದನ್ನ ನಾ ಹಾಕಾಕಿಲ್ಲ."

"ಹೊಸದಪ್ಪಾ! ಬಳಸೇ ಇಲ್ಲ. ಬಟನ್ ನೋಡು ಬಾ. ನೆರಳಲ್ಲಿ ಒಣಗಿ ಹದವಾಗಿದೆ."

"ಮರ ಒಣಗಿದ್ರೆ ಹದ ಅಕ್ಕ. ರಬ್ಬರ್ ಒಣಗಿದ್ರೆ ರಸ್ಕು."

ಫೋನ್ ಇಟ್ಟುಬಿಟ್ಟೆ. ತನ್ನ ಅಂಗಡಿಯ ಟೈರು ಮಾರಬೇಕು ಅವನಿಗೆ, ಅಷ್ಟೇ. ಹಸಿ ಮರದಲ್ಲಿ ಗೊಂಬೆ ಕಡೆದರೆ ತಿಂಗಳಲ್ಲಿ ಸೀಳುತ್ತೆ, ಎರಡು ವರ್ಷ ಒಣಗಿಸಿದ್ದು ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ಇದು ನನ್ನ ಅಪ್ಪ ಕಲಿಸಿದ್ದು, ಅವರಪ್ಪ ಅವರಿಗೆ. ಟೈರಿನವನು ನನಗೆ ಹೇಳಲು ಬಂದ.

ಆಗಸ್ಟ್ 13

ಅವನಿಗೆ ಫೋನ್ ಮಾಡುವುದಿಲ್ಲ.

ಆಗಸ್ಟ್ 19, ಮಂಗಳವಾರ

ಮಾಡಲಿಲ್ಲ. ಸಾಬೀರ್ ಟೈರು ನೋಡಿ "ಫಸ್ಟ್ ಕ್ಲಾಸ್ ಐತಲ್ಲ ಭಾಬಿ, ಹಾಕ್ಸಿಬುಡಿ, ಶರತ್ತು ನೀವೇ ಗೆದ್ರಿ" ಅಂದ. ಅವನು ಹೊಗಳಿದ ಮೇಲೆ ನನಗೇ ಅನುಮಾನ ಶುರುವಾಯಿತು. ಸಾಬೀರ್ ಚೆನ್ನಾಗಿದೆ ಅಂದ ಯಾವ ಮಾವಿನಹಣ್ಣೂ ಇದುವರೆಗೆ ಸಿಹಿ ಇದ್ದದ್ದಿಲ್ಲ.

ಗಾಡಿ ಓಡಿಸುವವಳು ಮಹ್ವಿಶ್. ಅದೊಂದು ಮಾತು ತಲೆಯೊಳಗೆ ಕೂತುಬಿಟ್ಟಿದೆ. ಟೈರನ್ನು ಉಗುರಲ್ಲಿ ಒತ್ತಿ ನೋಡಿದೆ. ಉಗುರೇ ಬಾಗಿತು.

ಆಗಸ್ಟ್ 24, ಭಾನುವಾರ

ಯಾರ ಮಾತೂ ಬೇಡ, ನಾನೇ ನೋಡುತ್ತೇನೆ ಅಂತ ಹೊರಟೆ. ಸ್ಟೆಪ್ನಿಯಿಂದ ಅಂಗೈ ಅಗಲದ ತುಂಡು ಕೊಯ್ದೆ. ನಾಲ್ಕು ಉಳಿದಿದ್ದವಲ್ಲ. ಮಹ್ವಿಶ್ ಮೊನ್ನೆ ರಾಮನಗರಕ್ಕೆ ಹೋಗಿ ನಾಗರಾಜು ಹತ್ತಿರ ಹೊಸ ರಬ್ಬರಿನ ಅಷ್ಟೇ ತುಂಡು ಇಸಿದುಕೊಂಡು ಬಂದಿದ್ದಳು. ನನಗೆ ಹೇಳದೆ ಅವಳೇ ಅವನ ಜೊತೆ ಮಾತಾಡಿಕೊಂಡಿದ್ದಾಳೆ ಕಳ್ಳಿ.

ಬಟ್ಟೆ ಒಗೆಯುವ ಚಪ್ಪಡಿಯ ಮೇಲೆ ತುಂಡು ಇಟ್ಟು, ಅದರ ಮೇಲೆ ಮೂರು ಕಿಲೋ ಕಲ್ಲು ಕಟ್ಟಿ, ಅರಗು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆಯುವುದು. ಜಾರಲು ಶುರುವಾದಾಗ ಮುಳ್ಳು ಎಲ್ಲಿದೆ ಅಂತ ನೋಡುವುದು. ಒಣ ಕಲ್ಲಿನ ಮೇಲೆ ಹೊಸದು ಎರಡೂವರೆ ಕಿಲೋ, ಹಳೆಯದು ಎರಡು. "ನೋಡಿದೆಯಾ!" ಅಂದೆ ಮಹ್ವಿಶ್‌ಗೆ. ಅವಳು ಮಾತಾಡದೆ ಒಂದು ಚೊಂಬು ನೀರು ಸುರಿದಳು.

ಹೊಸದು ಎರಡು ಕಿಲೋ. ಹಳೆಯದು ಒಂದು.

ಮತ್ತೆ ಮಾಡಿದೆ. ಒಂದು. ಕಲ್ಲು ಬದಲಾಯಿಸಿದೆ, ಜಾಗ ಬದಲಾಯಿಸಿದೆ, ಕೊಕ್ಕೆ ಸರಿ ಇಲ್ಲ ಅಂತ ಅದನ್ನೂ ತಿರುಗಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎಂಟು ಸಲ ಎಳೆದೆ, ಎಂಟು ಸಲವೂ ಒಂದೇ. ಕೊನೆಗೆ ತುಂಡನ್ನು ಹಿಂದಕ್ಕೆ ಬಗ್ಗಿಸಿದೆ. ಬೂದು ಬಣ್ಣದ ಕೂದಲೆಳೆಯಷ್ಟು ಬಿರುಕುಗಳು ಬಾಯಿ ಬಿಟ್ಟವು.

ಅಂದರೆ ತೇವದ ರಸ್ತೆಯಲ್ಲಿ ಅರ್ಧ ಹಿಡಿತ. ನನ್ನ ಮಗಳು ಬ್ರೇಕ್ ಒತ್ತಿದರೆ ಒಂದು ಮಾರಲ್ಲಿ ನಿಲ್ಲುವುದು ಎರಡು ಮಾರು ಹೋಗುತ್ತೆ. "ಒಣಗಿದಷ್ಟೂ ಹದ" ಅಂದ ಬಾಯಿ ನನ್ನದೇ.

ಆಗಸ್ಟ್ 25, ಸೋಮವಾರ

ಬೆಳಿಗ್ಗೆ ಮರ ಕೊಯ್ಯುವ ಗರಗಸದಲ್ಲಿ ಐದನ್ನೂ ಕೊಯ್ದುಹಾಕಿದೆ. ಹಾಗೇ ಬಿಟ್ಟರೆ ಸಾಬೀರ್ ಯಾರಿಗಾದರೂ ಕೊಟ್ಟುಬಿಡುತ್ತಾನೆ, ಇನ್ಯಾರ ಮಗಳೋ ಓಡಿಸುತ್ತಾಳೆ. ಒಳಗೆ ತಂತಿ, ಗರಗಸದ ಹಲ್ಲು ಹೋಯಿತು. ಇವರು ಕಾದಿಟ್ಟಿದ್ದನ್ನು ಕೊಯ್ಯುತ್ತಿದ್ದೇನೆ ಅಂತ ಅಳು ತಡೆಯಲಾಗಲಿಲ್ಲ, ಅಳುತ್ತಲೇ ಕೊಯ್ದೆ. ಪೆನ್ಸಿಲಿನಲ್ಲಿ ಬರೆದ ಪೇಪರ್ ಮಾತ್ರ ಮಡಿಸಿ ಈ ಪುಟದ ಮಧ್ಯೆ ಇಟ್ಟಿದ್ದೇನೆ.

ಆಮೇಲೆ ನಾಗರಾಜುಗೆ ಫೋನ್. "ನೀನೇ ಸರಿ ಕಣಪ್ಪಾ" ಅಂದೆ.

"ಅಯ್ಯೋ ಬುಡಕ್ಕ. ಈಗ ಐವತ್ತೇ ದಿನ ಐತೆ. ಎಂಥದ್ದು ಬೇಕು ಅಂತ ಯೋಳು, ಹುಡುಕಾನ."

ಎಂಥದ್ದು ಬೇಕು? ಅದು ನನಗೆ ಇನ್ನೂ ಗೊತ್ತಿಲ್ಲವಲ್ಲ. ಗೊತ್ತುಮಾಡಿಕೊಳ್ಳಬೇಕು.

ಸೆಪ್ಟೆಂಬರ್ 6, ಶನಿವಾರ

ಪುಣೆಯಲ್ಲಿ ಒಬ್ಬರು ಹಳೆಯ ಗಾಡಿಯವರಿಗಾಗಿ ಹೊರದೇಶದಿಂದ ತರಿಸುತ್ತಾರಂತೆ. ನಮ್ಮ ಅಳತೆಯಲ್ಲಿ ಎರಡು ಥರ ಇವೆ. ಒಂದು ರೇಸಿನವರು ಹಾಕುವಂಥದ್ದು, ಮೆತ್ತಗೆ, ಗೀರು ಬಹಳ ಕಮ್ಮಿ. ಇನ್ನೊಂದು ನೋಡಲು ಹಳೆಯ ಕಾಲದ ನಮೂನೆ, ರಬ್ಬರ್ ಮಾತ್ರ ಈಗಿನದು, ತುಂಬ ಗೀರು.

ಮಹ್ವಿಶ್ ಫೋಟೋ ನೋಡಿ ರೇಸಿನದೇ ಇರಲಿ ಅಂದಳು. "ಅಮ್ಮಿ, ಅದು ರಸ್ತೆಗೆ ಅಂಟಿಕೊಳ್ಳುತ್ತೆ!" ಅಂಟುವುದಾದರೆ ಗೀರು ಯಾಕೆ ಬೇಕು ಅಂತ ನಾಗರಾಜುನನ್ನು ಕೇಳಿದೆ. ನೀರು ಹೋಗೋದಕ್ಕೆ ಅಂದ. ಎಲ್ಲಿಂದ, ಹೇಗೆ ಹೋಗುತ್ತೆ? "ಅದ್ಯಾರು ನೋಡವ್ರೆ ಅಕ್ಕ, ಹೋಯ್ತದೆ" ಅಂದ.

ನಾನು ನೋಡಿದೆ. ಜುಲೈನಲ್ಲಿ ಕಡೆದ 165ರ ಮರದ ಚಕ್ರಕ್ಕೆ ಉಳಿಯಲ್ಲಿ ಫೋಟೋದಲ್ಲಿದ್ದ ಹಾಗೆ ಗೀರು ತೆಗೆದೆ. ಇನ್ನೊಂದು ಚಕ್ರ ನುಣ್ಣಗೆ. ಚಪ್ಪಡಿಯ ಮೇಲೆ ನೀರು ನಿಲ್ಲಿಸಿ, ನೀರು ಹೋಗುವ ದಾರಿ ಕಾಣಲಿ ಅಂತ ರಾಗಿ ಹಿಟ್ಟು ಉದುರಿಸಿ ಎರಡನ್ನೂ ಉರುಳಿಸಿದೆ. ನುಣ್ಣಗಿನದು ಹಿಟ್ಟನ್ನೆಲ್ಲ ಮುಂದಕ್ಕೆ ತಳ್ಳಿಕೊಂಡು ಹೋಯಿತು, ಅಂದರೆ ನೀರಿನ ಮೇಲೆ ತೇಲುತ್ತಿದೆ. ಗೀರಿನದು ಹಿಟ್ಟನ್ನು ಎರಡೂ ಪಕ್ಕಕ್ಕೆ ಉಗಿಯಿತು. ಎಷ್ಟು ಚೆಂದ! ಹತ್ತು ಸಲ ಉರುಳಿಸಿದೆ, ಬೇಕಿರಲಿಲ್ಲ, ಸುಮ್ಮನೆ. ಮಹ್ವಿಶ್ ಬಂದು ನೋಡಿದಾಗ ನನ್ನ ಮುಖವೆಲ್ಲ ರಾಗಿ ಹಿಟ್ಟು.

ಇನ್ನೊಂದು ವಿಷಯ ನಾಗರಾಜು ಹೇಳಿದ. ರೇಸಿನ ರಬ್ಬರ್ ಚೆನ್ನಾಗಿ ಕಾದ ಮೇಲೆ ಹಿಡಿಯುತ್ತಂತೆ. ಅರಗೂ ಹಾಗೇ. ಲೇತಿನಲ್ಲಿ ತಿರುಗುವ ಮರಕ್ಕೆ ಒತ್ತಿ ಬಿಸಿಯಾದರೆ ಮಾತ್ರ ಹತ್ತುತ್ತೆ, ತಣ್ಣಗಿದ್ದರೆ ಸೀಮೆಸುಣ್ಣ. ಮಾಗಡಿ ರಸ್ತೆಯಲ್ಲಿ ಮಹ್ವಿಶ್ ಯಾವ ವೇಗದಲ್ಲಿ ಹೋಗಿ ಅದನ್ನು ಕಾಯಿಸುತ್ತಾಳೆ? ಅಕ್ಟೋಬರಿನಲ್ಲಿ ಮಳೆ ಬೇರೆ. ಗೀರಿನದೇ ಸರಿ. 165 R15, H, ನಾಲ್ಕು ಮತ್ತು ಒಂದು ಸ್ಟೆಪ್ನಿ. ಕಡ್ಡಿ ಚಕ್ರದಲ್ಲಿ ಗಾಳಿ ನಿಲ್ಲುವುದಿಲ್ಲ, ಆದ್ದರಿಂದ ಒಳಗೆ ಟ್ಯೂಬು. ತಯಾರಾದ ವಾರ ಓದಿ ಹೇಳಿದ ಮೇಲೇ ಕಳಿಸಬೇಕು ಅಂತಲೂ ಹೇಳಿಸಿದೆ.

ಮಹ್ವಿಶ್ ಒಪ್ಪಿದಳು. ಫ್ಯಾಕ್ಟರಿಯಲ್ಲಿ ಯಾರಿಗೋ ರಾಗಿ ಹಿಟ್ಟಿನ ಕಥೆ ಹೇಳಿದಳಂತೆ, ಅವರ ಸಾಹೇಬರು ವಿಡಿಯೋ ಕೇಳಿದರಂತೆ. ಹೋಗೇ ಅಂದೆ.

ಅಕ್ಟೋಬರ್ 1, ಬುಧವಾರ

ಟೈರು ಇನ್ನೂ ಬಂದಿಲ್ಲ. ಹಬ್ಬದ ಲಾರಿ ದಟ್ಟಣೆಯಂತೆ. ಇವತ್ತು ಆಯುಧಪೂಜೆ, ನಾಗರಾಜು ಅಂಗಡಿಯ ಮುಂದೆ ಹೂವಿನ ಗಾಡಿಗಳು ತುಂಬಿ ಫೋನೇ ಕೇಳಿಸುತ್ತಿಲ್ಲ. "ನಿಂಬೆಹಣ್ಣು ಇಡಾಕೆ ನಿಮ್ಮ ಗಾಡಿಗೆ ಟೈರೇ ಇಲ್ವಲ್ಲಕ್ಕಾ!" ಅಂತ ಕೂಗಿದ. ನನಗೆ ನಗು ಬರಲಿಲ್ಲ.

ಹೋಟೆಲಿನವರ ಗೇಟಿನಲ್ಲಿ ಕಟ್ಟೆ ಎದ್ದಿದೆ ಅಂತ ಸಾಬೀರ್ ಹೇಳಿ ಹೋದ.

ಅಕ್ಟೋಬರ್ 8, ಬುಧವಾರ

ಇಲ್ಲ.

ಅಕ್ಟೋಬರ್ 12, ಭಾನುವಾರ

ಬಂದವು. ನಾಗರಾಜು ತನ್ನ ಆಟೋದಲ್ಲೇ ಹಾಕಿಕೊಂಡು ಬಂದ. ಇದ್ದತ್ತಿನಲ್ಲಿ ಹೊರಗಿನವರ ಮುಂದೆ ಬರುವಂತಿಲ್ಲ, ನಾನು ಅಡುಗೆಮನೆಯ ಕಿಟಕಿಯ ಪರದೆ ಹಿಂದೆ, ಅವನು ಅಂಗಳದಲ್ಲಿ. ಮೊದಲು ನಂಬರ್ ಓದು ಅಂದೆ. "ಒಂದು, ನಾಕು, ಎರಡು, ಐದು. ಈ ವರ್ಷದ ಹದ್ನಾಕನೇ ವಾರ. ಯುಗಾದಿ ಕೂಸು ಅಕ್ಕ!" ಮಹ್ವಿಶ್ ಒಂದನ್ನು ಕಿಟಕಿಗೆ ತಂದು ಹಿಡಿದಳು. ಉಗುರು ಒತ್ತಿದೆ, ಸುಮ್ಮನೆ ಒಳಗೆ ಹೋಗಿ ಮತ್ತೆ ಎದ್ದು ಬಂತು.

ಫಿಟ್ ಮಾಡಿ ಒಂದೊಂದೇ ತಿರುಗಿಸಿ ನೋಡುತ್ತಿದ್ದ. ಕಿಟಕಿಯಿಂದಲೇ ಕಂಡಿತು. "ಮೂರನೆಯದು ಓಲಾಡುತ್ತೆ" ಅಂದೆ.

"ಇಲ್ಲಕ್ಕ, ನೆಟ್ಟಗೈತೆ."

"ಓಲಾಡುತ್ತೆ ನಾಗರಾಜು. ಸೀಮೆಸುಣ್ಣ ಹಿಡಿದು ನೋಡು."

ಹಿಡಿದು ತಿರುಗಿಸಿದ. ಒಂದೇ ಕಡೆ ಗುರುತು ಬಿತ್ತು. ಅಲ್ಲಿಯ ಕಡ್ಡಿಗಳನ್ನು ಬಿಗಿಮಾಡಿ ಮತ್ತೆ ತಿರುಗಿಸಿದ, ಸುತ್ತಲೂ ಒಂದೇ ಸಮ ಗೆರೆ ಎಳೆಯಿತು. "ಅಲ್ಲಾ, ಅಷ್ಟು ದೂರದಿಂದ ಎಂಗ್ ಕಾಣ್ತು ನಿಂಗೆ?" ಅಂತ ಕಿಟಕಿ ಕಡೆ ನೋಡಿದ. ಮೂವತ್ತು ವರ್ಷ ಇನ್ನೇನು ನೋಡಿದ್ದೇನೆ ನಾನು, ತಿರುಗುವುದನ್ನಲ್ಲದೆ.

ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಎಲ್ಲೂ ಉಜ್ಜಲಿಲ್ಲ. ಮರದ ಚಕ್ರ ಸುಳ್ಳು ಹೇಳಿರಲಿಲ್ಲ.

ಅಕ್ಟೋಬರ್ 16, ಗುರುವಾರ

ಮುಗಿಯಿತು. ಬೆಳಿಗ್ಗೆ ಗುಸ್ಲ್ ಸ್ನಾನ ಮಾಡಿ ಹೊಸ ಸೀರೆ ಉಟ್ಟು ಬುರ್ಖಾ ಹಾಕಿ ಹೊಸಿಲಲ್ಲಿ ನಿಂತರೆ ಕಾಲೇ ಬರುತ್ತಿಲ್ಲ. ಮಹ್ವಿಶ್ ಗಾಡಿ ಶುರು ಮಾಡಿ ಬಾಗಿಲು ತೆರೆದಳು. ನಾನು ಮನಸ್ಸಿನಲ್ಲಿ ಅಂದುಕೊಂಡದ್ದು ಬೇರೆ: ಅವಳೂ ಸಾಬೀರೂ ಬೀದಿ ತುದಿಯವರೆಗೆ ಹೋಗಿ ಬಂದರೆ ಶರತ್ತು ಮುಗಿಯುತ್ತೆ, ನಾನು ನೋಡುತ್ತಾ ನಿಲ್ಲುತ್ತೇನೆ ಅಂತ.

"ಪೇಪರಿನಲ್ಲಿ ಯಾರ ಹೆಸರಿದೆ ಅಮ್ಮಿ?" ಅಂದಳು. ಹತ್ತಿದೆ. ಸೀಟು ಅಷ್ಟು ಕೆಳಗೆ ಇರುತ್ತೆ ಅಂತ ಗೊತ್ತೇ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕೂತಿರಲಿಲ್ಲ ನಾನು, ಮೊಂಡುತನಕ್ಕೆ.

ಇವರು ಮಲಗಿರುವ ಕಬರಸ್ತಾನದ ಹತ್ತಿರ ಮಹ್ವಿಶ್ ನಿಧಾನ ಮಾಡಿದಳು. ಸಲಾಂ ಹೇಳಿದೆ. ರಾಮನಗರದಲ್ಲಿ ನಾಗರಾಜು ಅಂಗಡಿಯ ಮುಂದೆ ನಿಂತು ಎರಡೂ ಕೈ ಬೀಸಿದ. ಅಲ್ಲಿಂದ ಮಾಗಡಿ ರಸ್ತೆ. ಬಂಡೆಗಳ ಮಧ್ಯೆ ತಿರುವು, ಮತ್ತೆ ತಿರುವು. ಟೈರು ಪ್ರತಿ ತಿರುವಿನಲ್ಲೂ ಸಣ್ಣಗೆ ಏನೋ ಅನ್ನುತ್ತಿತ್ತು, ಉಳಿ ಹದವಾಗಿ ಕಡಿಯುವಾಗಿನ ಸದ್ದು. ತುಂತುರು ಶುರುವಾಯಿತು. ಛಾವಣಿ ಇಲ್ಲ, ನೆನೆದೆವು, ಇಬ್ಬರೂ ನಗುತ್ತಿದ್ದೆವು.

ಕೆಂಪಾಪುರಕ್ಕೆ ಇನ್ನೂ ಸ್ವಲ್ಪ ದೂರವಿತ್ತು. ತಿರುವು ದಾಟಿದರೆ ರಸ್ತೆಯ ಮಧ್ಯೆ ಎಮ್ಮೆ. ಮಹ್ವಿಶ್ ಬ್ರೇಕ್ ಒತ್ತಿದಳು. ಯಾ ಅಲ್ಲಾ ಅಂದೆ, ಕಣ್ಣು ಮುಚ್ಚಿದೆ. ತೆರೆದಾಗ ಗಾಡಿ ನಿಂತಿತ್ತು, ಗೀಟು ಎಳೆದಂತೆ ನೇರವಾಗಿ. ಎಮ್ಮೆ ಅಲ್ಲಾಡಿರಲಿಲ್ಲ, ಮೆಲುಕು ಹಾಕುತ್ತಿತ್ತು. ಅದರ ಹಿಂದಿದ್ದ ಅಜ್ಜಿ, "ಇದ್ಯಾವೂರ ಗಾಡಿ ಕಣವ್ವ, ಮಿಡತೆ ಇದ್ದಂಗೈತೆ" ಅಂದಳು.

ಇಳಿದೆ. ಮಹ್ವಿಶ್ ಬೆನ್ನು ಸವರಿದೆ. ಆಮೇಲೆ ತಡೆಯಲಾಗಲಿಲ್ಲ, ಅಳೆದೆ. ಎಮ್ಮೆಗೂ ನಮಗೂ ಮಧ್ಯೆ ಒಂದು ಮೊಳ. ಮಹ್ವಿಶ್ ಬ್ರೇಕ್ ಒತ್ತಿದ್ದು ಮೈಲಿಗಲ್ಲಿನ ಪಕ್ಕದಲ್ಲಿ. ಅಲ್ಲಿಂದ ಗಾಡಿಯವರೆಗೆ ನಡೆದೆ, ಹನ್ನೊಂದು ಹೆಜ್ಜೆ. ಅಟ್ಟದ ಟೈರಾಗಿದ್ದರೆ ಇಪ್ಪತ್ತೆರಡು.

ಮಳೆಯಲ್ಲಿ ಸ್ವಲ್ಪ ಹೊತ್ತು ನಿಂತೆ. ಎಮ್ಮೆಯನ್ನೂ ಸವರಿದೆ.

ಕೆಂಪಾಪುರದಲ್ಲಿ ಟೀ ಕುಡಿಯುವಾಗ ಸಾಬೀರ್ ಫೋನ್. ಕ್ರೇನ್ ತಗೊಂಡು ಹೋಟೆಲಿನವರು ಬಂದು ನಿಂತಿದ್ದಾರಂತೆ. "ಭಾಬಿ, ಏನ್ ಯೋಳ್ಲಿ ಇವ್ರಿಗೆ?" ಅಂದ.

"ಗಾಡಿ ಮನೇಲಿಲ್ಲ, ಹೊರಗೆ ಹೋಗಿದೆ ಅನ್ನು."

"ಯಾವಾಗ ಬತ್ತೀರಾ?"

ಇದೇ ಮಾತು ನಾನು ಇವರನ್ನು ಎಷ್ಟು ಸಲ ಕೇಳಿದ್ದೆನೋ. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಗೊತ್ತಿಲ್ಲ ಕಣಪ್ಪ ಅಂತ ಫೋನ್ ಇಟ್ಟೆ.

ಮಹ್ವಿಶ್ ಲೋಟ ಕೆಳಗಿಟ್ಟು, "ಅಬ್ಬಾ ಹೇಳಿದ್ದು ಇಲ್ಲಿವರೆಗೆ ಅಲ್ವಾ ಅಮ್ಮಿ? ವಾಪಸ್ ಹೋಗೋಣ್ವಾ?" ಅಂದಳು.

ರಸ್ತೆ ನೋಡಿದೆ. ಮಳೆ ನಿಂತಿತ್ತು, ತೇವ ಇತ್ತು.

"ಈ ರಸ್ತೆ ಮುಂದೆ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದೆ.